ಗೋಲ್‌ಕೀಪರನನ್ನು ಮಿರ್ಚಿ ತರಲು ಕಳುಹಿಸಕೂಡದೆಂಬ ಬಗ್ಗೆ

ಅವಳಿನಗರ ಫುಟ್‌ಬಾಲ್ ಮಂಡಳಿ, ಧಾರವಾಡ
(ಪಂದ್ಯದಿನದ ಆದಾಯ ಹಾಗೂ ಅತಿಥಿ ಸತ್ಕಾರ ವಿಭಾಗ)

ಸಂಖ್ಯೆ: ಅಫುಮಂ/ಸತ್ಕಾರ/ಮಿರ್ಚಿ/2002-03
ದಿನಾಂಕ: 20-12-2002

ಸುತ್ತೋಲೆ

ವಿಷಯ: ತಿಂಡಿ, ಚಹಾ ಹಾಗೂ ಅತಿಥಿ ಸತ್ಕಾರದಿಂದ ಸಂಘದ ಆದಾಯ ಹೆಚ್ಚಿಸುವಾಗ ಗೋಲ್ ಬಿಟ್ಟುಕೊಡದಿರುವ ಕುರಿತು.

ಉಲ್ಲೇಖ: 1) ಇದೇ ವಿಭಾಗದ ಹಿಂದಿನ ಸುತ್ತೋಲೆ (ಹಿಂಪಡೆಯಲಾಗಿದೆ). 2) ರೆಫರಿಯವರ ವರದಿ. 3) ಶ್ರೀಮತಿ ಶೇವಂತೆವ್ವ ಅವರು ಕಚೇರಿಗೆ ಖುದ್ದಾಗಿ ಬಂದು ಆಡಿದ ಮಾತುಗಳು (ಬರೆದುಕೊಳ್ಳಲು ಸಾಧ್ಯವಾದಷ್ಟು).

ಪ್ರಸ್ತಾವನೆ:

ಮುಗದ ರಸ್ತೆ ಫುಟ್‌ಬಾಲ್ ಸಂಘದ ಮೈದಾನದಲ್ಲಿ, ಗೋಲ್‌ಕಂಬದ ಹಿಂದೆ, ಶ್ರೀಮತಿ ಶೇವಂತೆವ್ವ ಅವರು ಬಹುಕಾಲದಿಂದ ಗಿರ್ಮಿಟ್ ಹಾಗೂ ಮಿರ್ಚಿ ಭಜಿ ಮಾರುತ್ತಿದ್ದರು. ಸಂಘದ ಗೋಲ್‌ಕೀಪರ್ ಆದ ಶ್ರೀ ಹನುಮೇಶ ಎಂಬವರು ಇವರ ಮಗ. ಜನ ಭಜಿಗಾಗಿ ಬರುತ್ತಿದ್ದರು, ಬಂದವರು ಆಟವನ್ನೂ ನೋಡುತ್ತಿದ್ದರು. ಟಿಕೆಟ್ಟಿನಿಂದಲೂ ಶೇವಂತೆವ್ವ ಕೊಡುತ್ತಿದ್ದ ಜಾಗದ ಬಾಡಿಗೆಯಿಂದಲೂ ಸಂಘದ ಚೆಂಡು, ಬೂಟುಗಳ ಖರ್ಚು ಸಾಗುತ್ತಿತ್ತು.

ದೊಡ್ಡ ಊರುಗಳ ಕ್ಲಬ್ಬುಗಳು ಸೋಫಾ ಹಾಗೂ ತಿಂಡಿಯಿಂದಲೇ ಹಣ ಗಳಿಸುತ್ತವೆಂದು ವಿಭಾಗದ ಗಮನಕ್ಕೆ ಬಂದ ಮೇರೆಗೆ, ಉಲ್ಲೇಖ (1)ರಂತೆ ‘ಗಣ್ಯರ ಶಾಮಿಯಾನ’ವನ್ನು ತೆರೆಯಲಾಯಿತು. ದುಬಾರಿ ಟಿಕೆಟ್ ಪಡೆದವರಿಗೆ ಸೋಫಾ ಹಾಗೂ ಉಪ್ಪಿಟ್ಟನ್ನು ಒದಗಿಸಲಾಯಿತು. ಎಣ್ಣೆಯ ವಾಸನೆಯಿಂದ ಗಣ್ಯತೆಗೆ ಧಕ್ಕೆಯಾಗುವುದೆಂದು ಶೇವಂತೆವ್ವ ಅವರನ್ನು ಕಂಪೌಂಡಿನ ಆಚೆಗೆ ಸ್ಥಳಾಂತರಿಸಲಾಯಿತು. ಪ್ರೇಕ್ಷಕರೂ ಅವರ ಹಿಂದೆಯೇ ಹೊರಗೆ ಹೋಗಿ, ಗೋಡೆ ಏರಿ ಕುಳಿತು, ಭಜಿ ತಿನ್ನುತ್ತ ಪುಕ್ಕಟೆ ಪಂದ್ಯ ನೋಡುವರೆಂದು ಊಹಿಸಲಾಗಿರಲಿಲ್ಲ. ತಮ್ಮನ್ನು ಒಳಗೆ ಬಿಡಬೇಕೆಂದು ಶೇವಂತೆವ್ವ ಕೊಟ್ಟ ಅರ್ಜಿಯು ಸತ್ಕಾರ ಸಮಿತಿಯ ಅಧ್ಯಕ್ಷರಾದ ಶ್ರೀ ಮೈಲಾರಪ್ಪ ಅವರ ಮೇಜಿನ ಮೇಲೆ ಪರಿಶೀಲನೆಯಲ್ಲಿತ್ತು.

ಹೀಗಿರುವಲ್ಲಿ ಹುಬ್ಬಳ್ಳಿಯ ತಂಡದೊಡನೆ ಅಂತಿಮ ಪಂದ್ಯ ಬಂದಿತು. ಮೊದಲರ್ಧದಲ್ಲಿ ಶ್ರೀ ಹನುಮೇಶ ಅವರು ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ವಿರಾಮದಲ್ಲಿ ಅಧ್ಯಕ್ಷರು ಉಪ್ಪಿಟ್ಟಿನ ತಾಟನ್ನು ಸೋಫಾದ ಕೆಳಗೆ ಸರಿಸಿ, ಅವರನ್ನು ಕರೆದು, “ನಿಮ್ಮವ್ವನ ಕಡಿಂದ ಒಂದಿಷ್ಟು ಮಿರ್ಚಿ ತೊಗೊಂಡ ಬಾರಪಾ, ಲಗೂ ಬಾ” ಎಂದು ಮೌಖಿಕವಾಗಿ ಆದೇಶಿಸಿದರು. ತಾಯಿಯ ಅರ್ಜಿ ಯಾರ ಮೇಜಿನ ಮೇಲಿದೆ ಎಂಬುದನ್ನು ಬಲ್ಲ ಶ್ರೀ ಹನುಮೇಶ ಅವರು ಗೋಡೆ ಹಾರಿದರು.

ಮಿರ್ಚಿ ಇನ್ನೂ ಕಡಾಯಿಯಲ್ಲಿದ್ದವು. ಹಾಗೇ ಕೊಡೆಂದು ಮಗ ಅವಸರಪಡಿಸಿದಾಗ ಶೇವಂತೆವ್ವ ಅವರು, “ಅರ್ಧಾ ಬೆಂದದ್ದು ಕೊಟ್ರ ನಮ್ಮ ಅರ್ಜಿನೂ ಅರ್ಧಾ ಬೇಯತೈತಿ. ತಡಿ” ಎಂದು ತಿಳಿಸಿದರು.

ಅಷ್ಟರಲ್ಲಿ ಶಾಮಿಯಾನದಿಂದ ಅಧ್ಯಕ್ಷರು ಕೈ ಬೀಸಿದರು. ಆಟ ಶುರುಮಾಡಲು ಅದು ಅಪ್ಪಣೆಯೆಂದು ತಿಳಿದು ರೆಫರಿ ಶ್ರೀ ಅಬ್ದುಲಮಜೀದ ಅವರು ಸೀಟಿ ಊದಿದರು. ಅಧ್ಯಕ್ಷರು ನೊಣ ಓಡಿಸುತ್ತಿದ್ದರೆಂದು ನಂತರ ಸ್ಪಷ್ಟಪಡಿಸಲಾಗಿದೆ. ಹುಬ್ಬಳ್ಳಿಯವರು ನಡುಗೆರೆಯಿಂದಲೇ ಒದ್ದ ಚೆಂಡು ಉರುಳುತ್ತ ಖಾಲಿ ಗೋಲಿನೊಳಗೆ ಹೋಗುವಾಗ ಶ್ರೀ ಹನುಮೇಶ ಅವರು ಪೊಟ್ಟಣ ಹಿಡಿದು ಗೋಡೆಯ ಮೇಲಿದ್ದರು. ಅಲ್ಲಿ ಕುಳಿತಿದ್ದವರು ಸರಿದು ದಾರಿ ಬಿಟ್ಟರು. ಹನುಮೇಶ ಅವರು ಇಳಿದು ಬಂದು, ಮಿರ್ಚಿಯನ್ನು ಶಾಮಿಯಾನಕ್ಕೆ ಮುಟ್ಟಿಸಿ, ಆಮೇಲೆ ಗೋಲಿಗೆ ಹೋದರು. ಆ ಒಂದು ಗೋಲಿನಿಂದ ಪಂದ್ಯವನ್ನು ಸೋಲಲಾಯಿತು. ಮಿರ್ಚಿ ಚೆನ್ನಾಗಿದ್ದವೆಂದು ದಾಖಲಾಗಿದೆ.

ತದನಂತರ ಓಣಿಯವರು ಅವರನ್ನು ‘ಮಿರ್ಚಿ ಕೀಪರ’ ಎಂದು ಕರೆಯತೊಡಗಿದ್ದರಿಂದ ಶ್ರೀ ಹನುಮೇಶ ಅವರು ಮೈದಾನಕ್ಕೆ ಬರುವುದನ್ನೂ ಮನೆಯಲ್ಲಿ ಸರಿಯಾಗಿ ಉಣ್ಣುವುದನ್ನೂ ನಿಲ್ಲಿಸಿದರು. ಶೇವಂತೆವ್ವ ಅವರು ಕಚೇರಿಗೆ ಬಂದು ಅಧ್ಯಕ್ಷರ ಎದುರು ನಿಂತು ಹೇಳಿದ್ದು ಇಷ್ಟು:

“ನೀವು ಹಸದೀರಿ ಅಂತ ನನ್ನ ಮಗ ಓಡಿ ಬಂದ್ರಿ. ಈಗ ಅಂವ ಹಸಗೊಂಡು ಕುಂತಾನ. ನಿಮ್ಮ ಪೈಕಿ ಯಾರು ಓಡ್ತೀರಿ?”

ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಯಾರಿಗಿದೆಯೆಂದು ಮೇಲಿನವರಿಂದ ಸ್ಪಷ್ಟನೆ ಕೋರಲಾಯಿತು. ಅದು ಬರುವವರೆಗೆ ಈ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಪಂದ್ಯ ಮುಗಿಯುವವರೆಗೆ ಗೋಲ್‌ಕೀಪರನನ್ನು ಸತ್ಕಾರ ಕಾರ್ಯಕ್ಕೆ ನಿಯೋಜಿಸತಕ್ಕದ್ದಲ್ಲ. ತೀರಾ ಅನಿವಾರ್ಯವಾದಲ್ಲಿ, ಆಟದಲ್ಲಿ ಅಷ್ಟಾಗಿ ತೊಡಗಿಕೊಳ್ಳದ ಯಾವನೇ ಆಟಗಾರನನ್ನು ನಾಯಕರ ಲಿಖಿತ ಒಪ್ಪಿಗೆಯೊಂದಿಗೆ ಕಳುಹಿಸಬಹುದು.

2. ಶೇವಂತೆವ್ವ ಅವರ ಅಂಗಡಿಯನ್ನು ಗೋಲ್‌ಕಂಬದ ಹಿಂದೆ ಪುನಃಸ್ಥಾಪಿಸತಕ್ಕದ್ದು. ಪ್ರೇಕ್ಷಕರು ಗೋಡೆಯಿಂದ ತಾವಾಗಿಯೇ ಇಳಿಯುವರೆಂದು ನಿರೀಕ್ಷಿಸಲಾಗಿದೆ.

3. ಕಡಾಯಿಯಲ್ಲಿ ಮಿರ್ಚಿ ಬೇಯುತ್ತಿರುವಾಗ ದ್ವಿತೀಯಾರ್ಧವನ್ನು ಆರಂಭಿಸತಕ್ಕದ್ದಲ್ಲ.

4. ಸೋಫಾದಲ್ಲಿರುವವರು ನೊಣವನ್ನು ಎಡಗೈಯಿಂದ ಮಾತ್ರ ಓಡಿಸತಕ್ಕದ್ದು. ಬಲಗೈಯ ಯಾವುದೇ ಚಲನೆಯನ್ನು ಆದೇಶವೆಂದೇ ಪರಿಗಣಿಸಲಾಗುವುದು.

5. ಗೋಲ್ ಆದಾಗ ಬಾಯಲ್ಲಿ ಭಜಿ ಇರುವವರು ಕೂಗದೆ, ತಲೆಯಾಡಿಸಿ ಸಂತೋಷ ವ್ಯಕ್ತಪಡಿಸತಕ್ಕದ್ದು. ಎದುರಾಳಿಯ ಗೋಲಿಗೆ ಅಗಿಯುವುದನ್ನು ನಿಲ್ಲಿಸಿದರೆ ಸಾಕು.

6. ಚೆಂಡು ಕಡಾಯಿಯೊಳಗೆ ಬಿದ್ದಲ್ಲಿ ಅದನ್ನು ಹೊರತೆಗೆಯುವ ಹಕ್ಕು ಅಂಗಡಿಯವರದು. ಹಿಟ್ಟು ಹತ್ತಿದ ಚೆಂಡಿನಿಂದ ಆದ ಗೋಲನ್ನು ಅಮಾನ್ಯಗೊಳಿಸುವುದು ರೆಫರಿಯವರ ವಿವೇಚನೆಗೆ ಬಿಟ್ಟದ್ದು.

7. ಕೋರಲಾಗಿದ್ದ ಸ್ಪಷ್ಟನೆ ಬರುವ ಮೊದಲೇ ಅಧ್ಯಕ್ಷರು ಸ್ವಂತ ಸೈಕಲ್ಲಿನಲ್ಲಿ ಹನುಮೇಶ ಅವರ ಮನೆಗೆ ಹೋಗಿರುವುದನ್ನು ಗಮನಿಸಲಾಗಿದೆ. ಹೊಸ್ತಿಲಲ್ಲಿ ನಿಂತು ಅವರು, “ಗೋಲು ನಾ ಬಿಟ್ಟದ್ದಪಾ, ನೀ ಅಲ್ಲ” ಎಂದರು. ಶೇವಂತೆವ್ವ ಅವರು ಇಬ್ಬರಿಗೂ ತಾಟು ಹಾಕಿದರು. ಮೊದಲು ಅಧ್ಯಕ್ಷರು, ಸ್ವಲ್ಪ ತಡೆದು ಹನುಮೇಶ ಅವರೂ ರೊಟ್ಟಿ ಮುರಿದರು. ಏಳುವಾಗ ಹನುಮೇಶ, “ಬರ್ತೇನ್ರಿ. ಆದ್ರ ಆಟದಾಗ ಯಾರರ ಹಸದ್ರ ನನ್ನ ಕಡೆ ನೋಡಬಾರದ್ರಿ” ಎಂದರು. ಸದರಿ ಷರತ್ತನ್ನು ಯಥಾವತ್ತಾಗಿ ಅಂಗೀಕರಿಸಲಾಗಿದ್ದು, ಇಂದಿನಿಂದಲೇ ಜಾರಿಗೆ ಬರತಕ್ಕದ್ದು.

ಸಹಿ/-
ಕಾರ್ಯದರ್ಶಿ
ಪಂದ್ಯದಿನದ ಆದಾಯ ಹಾಗೂ ಅತಿಥಿ ಸತ್ಕಾರ ವಿಭಾಗ

ಪ್ರತಿಗಳು:
1. ಮುಗದ ರಸ್ತೆ ಫುಟ್‌ಬಾಲ್ ಸಂಘದ ನಾಯಕರಿಗೆ, ಆಟಗಾರರಿಗೆ ಓದಿ ಹೇಳಲು.
2. ಹುಬ್ಬಳ್ಳಿಯ ತಂಡಕ್ಕೆ, ಗೆದ್ದದ್ದು ಅವರೇ ಎಂದು ಮತ್ತೊಮ್ಮೆ ತಿಳಿಸುತ್ತ.
3. ಉಪ್ಪಿಟ್ಟಿನ ಗುತ್ತಿಗೆದಾರರಿಗೆ, ಸೋಫಾಗಳ ಕೆಳಗಿರುವುದನ್ನು ತೆರವುಗೊಳಿಸಲು.
4. ಶ್ರೀಮತಿ ಶೇವಂತೆವ್ವ ಅವರಿಗೆ, ಭಜಿ ಕಟ್ಟಿಕೊಡಲು ಸಾಲುವಷ್ಟು ಹೆಚ್ಚುವರಿ ಪ್ರತಿಗಳೊಂದಿಗೆ.