ಪ್ರಸ್ಥಾನಕ್ಕೆ ಇಟ್ಟ ಬಾಕ್ಸು

ನಮ್ಮ ಫ್ಯಾಕ್ಟರಿ ಇನ್ನೇನು ಮುಚ್ಚಿತು ಅನ್ನುವ ದಿನಗಳಲ್ಲೇ ನಗುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ನಡೆದವು. ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಒಂದಾದರೂ ನಡೆದದ್ದು ನೆನಪಿಲ್ಲ. ಆಗ ನಗಲು ಪುರುಸೊತ್ತಿರಲಿಲ್ಲ. ಈಗ ಅದೊಂದು ಬಿಟ್ಟು ಬೇರೆ ಕೆಲಸವಿಲ್ಲ.

ನಾನು ಭಾಲ್ಕಿ ಕಡೆಯವನು. ಛತ್ರಪತಿ ಸಂಭಾಜಿನಗರದ ಹೊರಗೆ ಶೇಂದ್ರಾದಲ್ಲಿ ಆಟೋರಿಕ್ಷಾಗಳ ವೈರಿಂಗ್ ತಯಾರಿಸುವ ಒಂದು ಸಣ್ಣ ಫ್ಯಾಕ್ಟರಿ ಇದೆ. ಅಲ್ಲಿ ಮಾಲು ಕಳಿಸುವ ಕೆಲಸ ನನ್ನದು. ಮಾಲೆಲ್ಲ ಹೋಗುತ್ತಿದ್ದದ್ದು ಸಮುದ್ರದಾಚೆಯ ಒಂದು ಸಣ್ಣ ದೇಶಕ್ಕೆ, ಅಲ್ಲಿನ ಒಬ್ಬನೇ ಗಿರಾಕಿಗೆ. ದೇಶದ ಹೆಸರು ಬೇಡ, ಅದಕ್ಕೆ ಅದರ ಕಷ್ಟವೇ ಸಾಕಾಗಿದೆ.

ಆ ದೇಶದಲ್ಲಿ ಡಾಲರು ಮುಗಿದುಹೋಯಿತು. ಹೊರಗಿನ ಮಾಲು ತರಿಸುವುದನ್ನು ಸರ್ಕಾರ ನಿಲ್ಲಿಸಿತು. ಆಮೇಲೆ ದೇಶಗಳಿಗೆ ಸಾಲ ಕೊಡುವ ದೊಡ್ಡ ಸಂಸ್ಥೆಯವರು ಬಂದು, ಶರತ್ತು ಹಾಕಿ, ಕಂತು ಕಂತಾಗಿ ಸಾಲ ಕೊಡತೊಡಗಿದರು. ಪ್ರತಿ ಕಂತಿಗೂ ಮೊದಲು ಅವರ ತಂಡ ಬಂದು ತಪಾಸಣೆ ಮಾಡಬೇಕು. ಅವರು ಸಹಿ ಹಾಕಿದರೆ ಅಲ್ಲಿನ ಬ್ಯಾಂಕಿಗೆ ಡಾಲರು ಬರುತ್ತದೆ, ಬ್ಯಾಂಕು ನಮ್ಮ ಗಿರಾಕಿಗೆ ಕೊಡುತ್ತದೆ, ಗಿರಾಕಿ ನಮಗೆ ಕೊಡುತ್ತಾನೆ. ಅಲ್ಲಿಯವರೆಗೆ ಒಂದು ಲಾರಿ ಮಾಲು ನಮ್ಮ ಗೋದಾಮಿನಲ್ಲಿ ಧೂಳು ತಿನ್ನುತ್ತಿತ್ತು. ಅದು ಹೋದರೆ ಫ್ಯಾಕ್ಟರಿ ಉಳಿಯುತ್ತದೆ, ಹೋಗದಿದ್ದರೆ ಬೀಗ ಎಂದು ಮಾಲಕರು ಹೇಳಿಬಿಟ್ಟಿದ್ದರು. ನಮಗೆಲ್ಲ ಅರ್ಧ ಸಂಬಳ.

ಮಾಲಕರು ಮಾತಾಡ್ತಾರ

ನಮ್ಮ ಮಾಲಕರು ಬೀದರದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಪ್ರಶ್ನೆ. ಒಂದು ದಿನ ನನ್ನನ್ನು ಕರೆದು ಕೂಡಿಸಿಕೊಂಡರು.

"ಈ ಸಾಲ ಕೊಡೋ ಮಂದಿ ಯಾರಪಾ?"

"ಎಲ್ಲಾ ದೇಶದೋರು ಕೂಡಿ ಮಾಡಿದ್ ಸಂಸ್ಥಾರಿ ಅದು. ನಮ್ಮ ದೇಶನೂ ಮೆಂಬರ್ ಅದ."

"ಅಂದ್ರ ನಮ್ಮ ರೊಕ್ಕನೂ ಅದರಾಗ ಅದ?"

"ಸ್ವಲ್ಪ ಇರ್ತದ್ರಿ."

"ಅಂದ್ರ ನಮ್ಮ ರೊಕ್ಕ ಅವರ ಕಡಿ ಹೋಗಿ, ಅಲ್ಲಿಂದ ಆ ದೇಶಕ್ಕ ಹೋಗಿ, ಗಿರಾಕಿ ಕೈಗಿ ಹೋಗಿ, ತಿರುಗಿ ನಮಗೇ ಬರಬೇಕು?"

"ಹೌದ್ರಿ. ನಡುವ ಎಣ್ಣಿ, ಔಷಧ, ಹಳೀ ಸಾಲ ಅಂತ ಅವರಿಗಿ ಬ್ಯಾರೆ ಖರ್ಚೂ ಭಾಳ ಅವ."

ಮಾಲಕರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಇಷ್ಟೆಲ್ಲಾ ಊರು ತಿರಗ್ಲಿಕ್ಕ ಅದಕ್ಕ ದಾರಿ ಗೊತ್ತಾಗ್ತದ, ಶೇಂದ್ರಾದ ದಾರಿ ಒಂದೇ ಗೊತ್ತಾಗಂಗಿಲ್ಲ. ಅವರಿಗಿ ಒಂದ್ ಫೋನ್ ಹಚ್ಚು. ಮಾಲಕರು ಮಾತಾಡ್ತಾರ ಅನ್ನು."

"ಯಾವ ಮಾಲಕರು ಅಂತ ಕೇಳಿದ್ರ ಏನ್ ಹೇಳ್ಲಿರಿ?"

"ನಮ್ಮ ರೊಕ್ಕನೂ ಅದ ಅಂದೆಲ್ಲ. ನಿಮ್ಮ ಸಂಸ್ಥಾದ ಮಾಲಕರು ಅನ್ನು!"

ಸಾಹೇಬರ ಗೋತ್ರ

ವೈರು ಕಟ್ಟುವ ಹೆಂಗಸರಲ್ಲಿ ಪೈಠಣದಿಂದ ಬಸ್ಸಿನಲ್ಲಿ ಬರುವ ಒಬ್ಬಳಿದ್ದಳು, ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ದಿನಾ ಬೆಳಗ್ಗೆ ನನ್ನನ್ನು ಕಂಡ ಕೂಡಲೇ ಮರಾಠಿಯಲ್ಲಿ ಒಂದೇ ಪ್ರಶ್ನೆ: "ಭಾವು, ತೇ ಸಾಹೇಬ್ ಲೋಕ್ ಆಲೇ ಕಾ?" ಆ ಸಾಹೇಬರು ಬಂದರೇ ಅಂತ. ತಮ್ಮ ವಾರ್ಡಿನ ನಗರಸೇವಕ ಯಾರೆಂದು ಗೊತ್ತಿಲ್ಲದ ಆ ಹೆಂಗಸರಿಗೆ ಸಮುದ್ರದಾಚೆಯ ಹಣಕಾಸು ಮಂತ್ರಿಗೆ ನೆಗಡಿಯಾದರೂ ಚಿಂತೆ. ಪಾಪ, ನಗಬಾರದು, ಆದರೂ ನಗು ಬರುತ್ತಿತ್ತು.

ತಪಾಸಣೆಯ ತಂಡ ಬಂತು ಎಂದು ನಾನು ಹೇಳಿದ ಮರುದಿನ ಮಾವಶಿ ರಜೆ ಹಾಕಿ ಪೈಠಣದಲ್ಲಿ ಅಭಿಷೇಕಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು. ಸಂಕಲ್ಪ ಯಾರ ಹೆಸರಿನಲ್ಲಿ ಎಂದು ಗುರುಜಿ ಕೇಳುತ್ತಿದ್ದಾರಂತೆ.

"ನಿನ್ನ ಹೆಸರು ಹೇಳು" ಅಂದೆ.

"ನನ್ನ ಬುದ್ಧಿ ನೆಟ್ಟಗೇ ಇದೆ ಭಾವು. ಒಳ್ಳೆ ಬುದ್ಧಿ ಬರಬೇಕಾದದ್ದು ಸಹಿ ಹಾಕೋ ಸಾಹೇಬರಿಗೆ. ಅವರ ಹೆಸರು ಹೇಳಿ, ಗೋತ್ರ ಹೇಳಿ."

ಹೆಸರು ನನಗೂ ಗೊತ್ತಿರಲಿಲ್ಲ. ಆಚೆಯಿಂದ ಗುರುಜಿಯೇ ಫೋನು ಇಸಿದುಕೊಂಡು, "ಹೆಸರಿಲ್ಲದಿದ್ದರೆ ಬಡಾ ಸಾಹೇಬ ಅನ್ನೋಣ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ" ಎಂದು ತೀರ್ಮಾನ ಕೊಟ್ಟರು. ಹೀಗೆ ಎಲ್ಲಿಯೋ ವಿಮಾನದಲ್ಲಿ ಕೂತು ಬಂದ ಸಾಹೇಬರು, ತಮಗೇ ಗೊತ್ತಿಲ್ಲದಂತೆ, ಪೈಠಣದಲ್ಲಿ ಕಾಶ್ಯಪ ಗೋತ್ರಕ್ಕೆ ಸೇರಿದರು.

ಭಾವನವರ ತಪಾಸಣೆ

ಅರ್ಧ ಸಂಬಳದಲ್ಲಿ ಮಗಳ ಕಾಲೇಜಿನ ಫೀ ಕಟ್ಟಲಾಗಲಿಲ್ಲ. ಕಟ್ಟಿದವರು ನನ್ನ ಹೆಂಡತಿಯ ಅಣ್ಣ. ನಾಸಿಕದ ಅಂಬಡ್‌ನಲ್ಲಿ ಒಂದು ಫ್ಯಾಕ್ಟರಿಯ ಸೂಪರ್‌ವೈಸರ್ ಅವರು. ಕೈಬಿಚ್ಚಿ ಕೊಟ್ಟರು, ಅದನ್ನು ನಾನು ಮರೆಯುವುದಿಲ್ಲ. ಆದರೆ ಕೊಟ್ಟ ಮೇಲೆ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರತೊಡಗಿದರು.

ಬಂದವರು ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ. "ಎರಡ್ ಥರದ ಎಣ್ಣಿ ಯಾಕ?" ಅಲ್ಲಿಂದ ನಡುಮನೆಗೆ. "ಯಾರೂ ಇಲ್ಲದ ಖೋಲ್ಯಾಗ ಫ್ಯಾನ್ ಯಾರ ಸಲುವಾಗಿ ತಿರಗ್ಲತ್ತದ?" ಮೊದಲ ಸಲ ಬಂದಾಗಲೇ ಪೇಪರು ನಿಲ್ಲಿಸಿದರು, ನನ್ನ ಸಂಜೆಯ ಚಹಾ ನಿಲ್ಲಿಸಿದರು. ಕನ್ನಡ ಎಲ್ಲ ತಿಳಿದರೂ ಬಾಯಿ ತೆರೆದರೆ ಮರಾಠಿಯೇ ಆಡುವ ನನ್ನ ಮಗಳು, "ಪಪ್ಪಾ, ಮಾಮಾಚಾ ರಿವ್ಯೂ ಝಾಲಾ ಕಾ?" ಎಂದು ಕಿವಿಯಲ್ಲಿ ಕೇಳಿದಳು. ಮಾಮನ ತಪಾಸಣೆ ಮುಗಿಯಿತೇ ಎಂದು.

ಎಲ್ಲಿ ಮುಗಿಯುತ್ತದೆ? ಮುಂದಿನ ಸಲ ಅಣ್ಣ ಬಂದಿದ್ದಾನೆ ಎಂದು ನನ್ನ ಹೆಂಡತಿ ಹೋಳಿಗೆ ಮಾಡಿದಳು, ಮೇಲೆ ತುಪ್ಪ ಸುರಿದಳು, ಮರುದಿನ ಶ್ರೀಖಂಡ ತರಿಸಿದಳು. ತಿಂಗಳಿಡೀ ಪೇಪರು, ಚಹಾ ಬಿಟ್ಟು ಉಳಿಸಿದ್ದೆಲ್ಲ ಎರಡು ದಿನದಲ್ಲಿ ಅವರ ಎಲೆಗೇ ಹೋಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ಭಾವ ಹೇಳಿದರು: "ಎಲ್ಲಾ ಛಲೋ ನಡದದ. ಆದ್ರ ಈ ಹೋಳಿಗಿ-ಗೀಳಿಗಿ ಖರ್ಚ ಸ್ವಲ್ಪ ಕಡಿಮಿ ಮಾಡ್ರಿ."

ಅಮಾವಾಸ್ಯೆಯ ಲಾರಿ

ಇನ್ನು ನಮ್ಮ ಲಾರಿಯ ಕಥೆ. ತಂಡದವರು ಸಹಿ ಹಾಕುವ ಲಕ್ಷಣ ಕಂಡಾಗಲೇ ಮಾಲಕರು ಪಂಚಾಂಗ ತೆಗೆದರು. ಅವರು ಅಮಾವಾಸ್ಯೆಯ ದಿನ ಒಂದು ಮೊಳೆಯನ್ನೂ ಗೇಟಿನಿಂದಾಚೆ ಕಳಿಸಿದವರಲ್ಲ. ಅನುಮತಿ ಅಮಾವಾಸ್ಯೆಗೇ ಬಂದರೆ ಏನು ಗತಿ? ಅದಕ್ಕೆ ಪ್ರಸ್ಥಾನ ಇಡಬೇಕು ಅಂದರು. ಒಳ್ಳೆಯ ದಿನ ನೋಡಿ ಸಾಮಾನಿನಲ್ಲಿ ಒಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಎಂಥ ದಿನ ಹೊರಟರೂ ದೋಷವಿಲ್ಲ, ಹೋಗುತ್ತ ಅದನ್ನು ಎತ್ತಿಕೊಂಡು ಹೋದರಾಯಿತು. ಭಾವ ತಪಾಸಣೆ ಮುಗಿಸಿ ಹೊರಟ ದಿನ ಒಳ್ಳೆಯದಿತ್ತು. ನಮ್ಮ ಮಾಲು ಹಡಗು ಹತ್ತುವ ಮುಂಬೈಯ ದಾರಿಯಲ್ಲೇ ಅಂಬಡ್ ಇದೆ. ವೈರಿಂಗಿನ ಒಂದು ಬಾಕ್ಸಿಗೆ ಕುಂಕುಮ ಹಚ್ಚಿ ಅವರ ಕೈಗೆ ಕೊಟ್ಟೆವು. ಬಸ್ಸಿನಲ್ಲಿ ಲಗೇಜಿಗೆ ಟಿಕೆಟ್ ಆಯಿತೆಂದು ಗೊಣಗುತ್ತಲೇ ಒಯ್ದು ಮನೆಯಲ್ಲಿಟ್ಟುಕೊಂಡರು.

ಮಾಲಕರು ಹೆದರಿದ ಹಾಗೇ ಆಯಿತು. ಅಮಾವಾಸ್ಯೆಯ ಬೆಳಗ್ಗೆ ಗಿರಾಕಿಯ ಫೋನು: "ಭಾಯಿ, ಸಹಿ ಆಯಿತು! ಆದರೆ ಮಾಲು ಈ ಹಡಗಿಗೇ ಬರಬೇಕು, ಬಂದರಿನ ಗೇಟು ನಾಳೆ ಬೆಳಗ್ಗೆ ಮುಚ್ಚುತ್ತದೆ. ತಪ್ಪಿದರೆ ನನ್ನ ಪಾಲಿನ ಡಾಲರನ್ನು ಬ್ಯಾಂಕು ಬೇರೆಯವರಿಗೆ ಕೊಡುತ್ತದೆ."

ಹೆಂಗಸರೂ ಬಾಕ್ಸು ಎತ್ತಿ ಲಾರಿ ತುಂಬಿದರು. ಲಾರಿ ಹೊರಟಾಗ ಮಾವಶಿ ಟೈರಿಗೆ ಕೈಮುಗಿದು ಅತ್ತಳು. "ನೋಡ್ದಿ? ಪ್ರಸ್ಥಾನ ಇಟ್ಟಿದ್ದು ಕೆಲಸಕ್ಕ ಬಂತು" ಎಂದು ಮಾಲಕರು ಮೀಸೆ ಮುಟ್ಟಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಅಂಬಡ್‌ನಿಂದ ಡ್ರೈವರನ ಫೋನು. ನಿಮ್ಮ ಭಾವ ಬಾಕ್ಸು ಕೊಡುತ್ತಿಲ್ಲ ಅಂದ. ಕಾಗದದಲ್ಲಿ ಇದ್ದಷ್ಟು ಬಾಕ್ಸು ಲಾರಿಯಲ್ಲಿ ಇಲ್ಲದಿದ್ದರೆ ಬಂದರಿನ ಒಳಗೇ ಬಿಡುವುದಿಲ್ಲ. ಭಾವನವರಿಗೆ ಫೋನು ಕೊಡು ಅಂದೆ.

"ಭಾವಾರ, ಬಾಕ್ಸ್ ನಮ್ದ್ರಿ!"

"ನಿಮ್ದೇ ಇರ್ಲಿರಿ, ಈಗ ನನ್ನ ಮನ್ಯಾಗ ಅದ. ಅಮಾಸಿ ದಿನ, ದೀಪ ಹಚ್ಚೋ ಹೊತ್ತಿನ್ಯಾಗ, ಮನ್ಯಾಗಿನ ಸಾಮಾನ ಹೊರಗ ಕೊಟ್ರ ಲಕ್ಷ್ಮೀ ಹೋಗ್ತಾಳ. ಪಾಡ್ಯಾ ಮುಂಜಾನಿ ಕೊಡ್ತೀನಿ."

ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಫೋನನ್ನು ಮಾಲಕರ ಕೈಗಿಟ್ಟೆ. ಬೈಯುತ್ತಾರೆಂದು ಎಲ್ಲರೂ ಸುತ್ತ ನಿಂತೆವು. ಮಾಲಕರು "ಹ್ಞೂಂ, ಹ್ಞೂಂ" ಎಂದು ಕೇಳಿಸಿಕೊಂಡು ಫೋನು ಕೆಳಗಿಟ್ಟರು.

"ಏನಾತ್ರಿ?"

"ಏನ್ ಬೈಲಿಕ್ಕ ಬರ್ತದಪಾ? ಖರೇನೇ ಹೇಳ್ಲತ್ತಾನ. ನಾ ಇದ್ರೂ ಕೊಡ್ತಿರಲಿಲ್ಲ."

ಪಾಡ್ಯದ ಬೆಳಗ್ಗೆ ಭಾವ ತಾವೇ ಬಾಕ್ಸು ಹೊತ್ತು ಲಾರಿಗೆ ಹಾಕಿದರಂತೆ. ಲಾರಿ ಮುಟ್ಟುವಷ್ಟರಲ್ಲಿ ಬಂದರಿನ ಗೇಟು ಮುಚ್ಚಿತ್ತು. ಹಡಗು ಹೋಯಿತು, ಡಾಲರೂ ಹೋಯಿತು. ಗಿರಾಕಿ ಸಿಟ್ಟು ಮಾಡಲಿಲ್ಲ, ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. "ಬಿಡು ಭಾಯಿ, ಇಲ್ಲಿ ಎಲ್ಲರೂ ಕಾಯುವವರೇ" ಅಂದ.

ಲಾರಿ ತಿರುಗಿ ಬಂತು. ಮಾಲಕರು ಗೇಟಿಗೆ ತಾವೇ ಬೀಗ ಹಾಕಿದರು. ಮಾವಶಿ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಬೀಗ ಎಳೆದು ನೋಡಿ ಮಾಲಕರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು.

"ಮುಚ್ಚೀವಿ ಅಂತ ಯಾರಿಗೂ ಹೇಳಬ್ಯಾಡ. ಲಾರಿ ತಿರುಗಿ ಬರೋ ಮುಂದ ಆ ಬಾಕ್ಸ್ ಮತ್ತ ಅಂಬಡ್‌ನ್ಯಾಗೇ ಇಳಿಸಿ ಬಾ ಅಂತ ಡ್ರೈವರಗ ಹೇಳೀನಿ. ಪ್ರಸ್ಥಾನ ಇಟ್ಟದ. ಅಂದ್ರ ನಾವಿನ್ನೂ ಹೊಂಟೀವಿ."

ಬಾಕ್ಸು ಮುಟ್ಟಿತೋ ಇಲ್ಲವೋ ಎಂದು ಅಲ್ಲೇ ನಿಂತು ಭಾವನವರಿಗೆ ಫೋನು ಮಾಡಿದೆ.

"ಮುಟ್ಟ್ಯದ. ದೇವರ ಖೋಲ್ಯಾಗ ಇಟ್ಟೀನಿ" ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಎಷ್ಟ್ ದಿನಾನೂ ಇರ್ಲಿರಿ, ನಂದೇನ್ ಬ್ಯಾಡ ಇಲ್ಲ. ಆದ್ರ ಒಂದೆರಡು ಶರತ್ತ ಅವ."