ನಾಯಿಗೆ ವರದಿ ಒಪ್ಪಿಸಿದ್ದು

ಒಬ್ಬನೇ ವಾಸಿಸುವವನಿಗೆ ಬಾಯಿ ಎನ್ನುವುದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ ಬೇಕಾದ ಅಂಗ ಎಂದು ನಾನು ಬಹುಕಾಲ ನಂಬಿದ್ದೆ. ಹರಿಹರದ ಕಚೇರಿಯೊಂದರಲ್ಲಿ ನನ್ನದು ರೆಕಾರ್ಡ್ ರೂಮಿನ ಕೆಲಸ. ಅಲ್ಲಿನ ಕಡತಗಳು ಯಾರನ್ನೂ ಮಾತಾಡಿಸುವುದಿಲ್ಲ. ಸಂಜೆ ಬಸ್ಸು ಹತ್ತಿ ದಾವಣಗೆರೆಗೆ ಬಂದರೆ ಮನೆಯಲ್ಲಿ ಸಾಹುಕಾರ, ಅಂದರೆ ನನ್ನ ನಾಯಿ. ಮದುವೆಯಾಗದ ನನಗೂ ಅವನಿಗೂ ಹತ್ತು ವರ್ಷದಿಂದ ಕಣ್ಣಲ್ಲೇ ಸಂಸಾರ ನಡೆದಿತ್ತು. ನಾನು ತಟ್ಟೆ ನೋಡಿದರೆ ಅವನು ಬಾಲ ಆಡಿಸುತ್ತಿದ್ದ, ಅವನು ಬಾಗಿಲು ನೋಡಿದರೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಸಾಹುಕಾರ ಕಪಾಟಿಗೆ ಹಾಯ್ದ. ಸೊಕ್ಕು ಎಂದು ಬೈದೆ. ಮತ್ತೆ ಗೋಡೆಗೆ ಹಾಯ್ದು ನಡುಗುತ್ತಾ ನಿಂತ. ಬೆನ್ನು ಸವರಲು ಹೋದರೆ ನನ್ನ ಕೈಗೇ ಬಾಯಿ ಹಾಕಿದ. ಪಶುವೈದ್ಯರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, "ದೃಷ್ಟಿ ಪೂರ್ತಿ ಹೋಗೈತೆ ಸರ, ವಾಪಸ್ ಬರಂಗಿಲ್ಲ. ಸಾಮಾನು ಜಾಗ ಬದಲಿಸಬ್ಯಾಡ್ರಿ. ಮುಟ್ಟೋಕೆ ಮೊದ್ಲು ಮಾತಾಡ್ರಿ, ನೀವು ಎಲ್ಲಿದೀರಿ ಅಂತ ಅದಕ್ಕೆ ಗೊತ್ತಾಗ್ಬೇಕು" ಎಂದರು. "ಏನಂತ ಮಾತಾಡ್ಲಿ?" ಎಂದೆ. ಅವರು ಮುಂದಿನ ಎಮ್ಮೆಯನ್ನು ಕರೆದರು.

ಎರಡು ದಿನ ಸಾಹುಕಾರ ಮಂಚದ ಕೆಳಗಿನಿಂದ ಬರಲಿಲ್ಲ, ಅನ್ನ ಮುಟ್ಟಲಿಲ್ಲ. ಇವನು ಹೋದರೆ ನಾನು ಮನೆಗೆ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಭಯವಾಯಿತು. ನಾಚಿಕೆ ಬಿಟ್ಟು ಶುರು ಮಾಡಿದೆ: "ನಾ ಬಂದೆ. ಚಪ್ಲಿ ಬಿಟ್ಟೆ. ಅಡಿಗೆಮನಿಗೆ ಹೊಂಟೀನಿ. ಅನ್ನ ಮುದ್ದಿ ಆಗೈತೆ." ವಿಷಯ ಮುಗಿದಾಗ ನಮ್ಮ ಸಾಹೇಬರನ್ನು ಬೈಯತೊಡಗಿದೆ. ಮೂರನೆಯ ದಿನ ಆ ಬೈಗುಳದ ನಡುವೆಯೇ ಮಂಚದ ಕೆಳಗಿಂದ ಒಂದು ಮೂಗು ಹೊರಬಂತು. ಪಕ್ಕದ ಮನೆಯ ಶಂಷಾದ್‌ಬಿ ಕಾಂಪೌಂಡಿನಾಚೆಯಿಂದ, "ಯಾರೋ ಬಂದಂಗೈತಲ್ರೀ ಸರ?" ಎಂದರು. ನಾಯಿಗೆ ವರದಿ ಒಪ್ಪಿಸುತ್ತಿದ್ದೇನೆ ಎನ್ನಲಾಗದೆ, ಭಾನುವಳ್ಳಿಯಿಂದ ಚಿಕ್ಕಪ್ಪ ಬಂದಿದ್ದಾರೆ ಎಂದುಬಿಟ್ಟೆ. ಆಕೆ ಸಂಜೆ ಚಿಕ್ಕಪ್ಪನಿಗೆಂದು ರೊಟ್ಟಿ ತಂದರು. ಮನೆಯಲ್ಲಿ ಬೇರಾರೂ ಇಲ್ಲ. ವಾಸನೆ ಹಿಡಿದು ಬಂದ ಸಾಹುಕಾರ ಆಕೆಯ ಎದುರಿಗೇ ರೊಟ್ಟಿಯನ್ನು ಕಟಕಟನೆ ಅಗಿದ. "ಚಿಕ್ಕಪ್ಪನೋರ ಹಲ್ಲು ಗಟ್ಟಿ ಅದಾವ ಬಿಡ್ರಿ" ಎಂದು ಆಕೆ ನಗುತ್ತಾ ಹೋದರು. ನನಗೆ ಅಳು ಬಂತು. ಅವನು ಊಟ ಮಾಡಿದ್ದ.

ಈಗ ಸಾಹುಕಾರ ಪೂರ್ತಿ ಹೊಂದಿಕೊಂಡಿದ್ದಾನೆ. "ಇನ್ನ ಅಷ್ಟು ಮಾತು ಬ್ಯಾಡ್ರಿ, ಅದಕ್ಕೆ ಮನೆ ಬಾಯಿಪಾಠ ಆಗೈತೆ" ಎಂದು ವೈದ್ಯರೂ ಹೇಳಿದರು. ನಿನ್ನೆ ಸಂಜೆ ಹರಿಹರ ದಾಟಿ ಹೆದ್ದಾರಿಯಲ್ಲಿ ಬಸ್ಸು ಕೆಟ್ಟು ನಿಂತ ಪ್ರಸಂಗವನ್ನು ಅವನಿಗೆ ಹೇಳುತ್ತಿದ್ದೆ. ಅರ್ಧಕ್ಕೇ ಎದ್ದ. ಕುರ್ಚಿ ಸುತ್ತಿಕೊಂಡು, ಹೊಸಿಲು ದಾಟಿ, ಎಲ್ಲಿಯೂ ಎಡವದೆ ಹೊರಗಿನ ಕಟ್ಟೆಗೆ ಹೋಗಿ ಮಲಗಿಕೊಂಡ. ಹೆಮ್ಮೆಯಾಯಿತು. ಖಾಲಿ ಕೋಣೆಯಲ್ಲಿ ಒಬ್ಬನೇ ಕೂತು ಉಳಿದರ್ಧವನ್ನೂ ಹೇಳಿ ಮುಗಿಸಿದೆ, ಕಟ್ಟೆಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ.