ಮಾವನ ಮುಖದ ಮೂವತ್ತು ಡಿಗ್ರಿ

ಕೋಲಾರದ ಚಿನ್ನದ ಗಣಿಯಲ್ಲಿ ನಮ್ಮ ಸೋದರಮಾವನಷ್ಟು ರಕ್ತ ಸುರಿಸಿದವರು ಇನ್ನೊಬ್ಬರಿಲ್ಲ. ಅವರು ಗಣಿಯೊಳಕ್ಕೆ ಒಂದು ದಿನವೂ ಇಳಿದವರಲ್ಲ ಎನ್ನುವುದು ಬೇರೆ ಮಾತು! ಮಾವನಿಗೆ ಮೈಸೂರು ಮೈನ್ಸಿನ ಸರ್ವೆ ಆಫೀಸಿನಲ್ಲಿ ಗಣಿಯ ನಕ್ಷೆಗಳ ಮೇಲೆ ತೆಳು ಕಾಗದವಿಟ್ಟು ಪ್ರತಿ ತೆಗೆಯುವ ಕೆಲಸ. ಫ್ಯಾನಿನ ಕೆಳಗಿನ ಕುರ್ಚಿ, ಚೂಪಾದ ಪೆನ್ಸಿಲು. ರಕ್ತ ಸುರಿಯುತ್ತಿದ್ದುದು ಆಫೀಸಿಗೆ ಹೊರಡುವ ಮುಂಚೆ, ಕ್ವಾರ್ಟರ್ಸಿನ ಹಿತ್ತಲಲ್ಲಿ, ಅವರ ಸ್ವಂತ ಮುಖದಿಂದ, ಅವರದೇ ಕೈಯಿಂದ!

ಗಣಿಯ ಇಂಗ್ಲಿಷ್ ಸಾಹೇಬರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲದಲ್ಲಿ ಅವರ ಬಂಗಲೆಗಳ ಸಾಮಾನು ಹರಾಜಿಗೆ ಬರುತ್ತಿತ್ತು. ಜನ ಕುರ್ಚಿ ಮಂಚಗಳನ್ನು ಹೊತ್ತು ತಂದರೆ, ಮಾವ ಜೇಬಿನಲ್ಲಿ ಒಂದು ಸೇಫ್ಟಿ ರೇಜರನ್ನು ಹಾಕಿಕೊಂಡು ಬಂದರಂತೆ. ಯಾಕೆ ತಂದರು ಎಂದು ನಾನು ದೊಡ್ಡವಳಾದ ಮೇಲೆ ಅತ್ತೆಯನ್ನು ಕೇಳಿದ್ದೆ. "ಶೋಕಿ!" ಎಂದು ಒಂದೇ ಮಾತಿನಲ್ಲಿ ಮುಗಿಸಿ ಅತ್ತೆ ಹಿಟ್ಟು ತಿರುವತೊಡಗಿದ್ದರು. ನಮ್ಮ ಸಾಲಿನ ಮನೆಗಳವರ ಅಭಿಪ್ರಾಯವೂ ಅದೇ. ಸಾಹೇಬರು ಹೋದರು, ಅವರ ಗಡ್ಡ ಹೆರೆಯುವ ಹುಚ್ಚು ಇಲ್ಲೇ ಉಳಿಯಿತು!

ಅಂದಿನಿಂದ ಮಾವ ದಿನಾ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅಮಾವಾಸ್ಯೆ ನೋಡುತ್ತಿರಲಿಲ್ಲ, ಮಂಗಳವಾರ ನೋಡುತ್ತಿರಲಿಲ್ಲ. ಮುಗಿದ ಮೇಲೆ ಗಾಯಗಳಿಗೆ ಪಟಿಕ ಉಜ್ಜಿ, ಮೇಲೆ ಹಳೆಯ ಪೇಪರಿನ ಚೂರುಗಳನ್ನು ಅಂಟಿಸಿಕೊಂಡು, "ಪಾಪ, ಬಾ, ನೋಡು" ಎಂದು ನನ್ನನ್ನು ಕೂಗುತ್ತಿದ್ದರು. ಹುಡುಗಿಗೆ ಎಷ್ಟೇ ವಯಸ್ಸಾದರೂ 'ಪಾಪ' ಎಂದೇ ಕರೆಯುವುದು ನಮ್ಮ ಕಡೆಯ ರೂಢಿ. ನಾನು ಕೈಯ ಹಿಂಬದಿಯನ್ನು ಅವರ ಕೆನ್ನೆಗೆ ಸವರಿ ತೀರ್ಪು ಹೇಳಬೇಕು. "ಬಲಗಡೆ ಸರಿ. ಗದ್ದದ ಕೆಳಗೆ ಇನ್ನೂ ಐತೆ" ಎಂದರೆ ಮಾವ ಮತ್ತೆ ಹಿತ್ತಲಿಗೆ ಹೋಗಿ, ಇನ್ನೊಂದು ಚೂರು ಕಾಗದದೊಂದಿಗೆ ಹಿಂದಿರುಗುತ್ತಿದ್ದರು. ನನಗೆ ತಾರೀಖು ಹಾಕಿ ದಿನಚರಿ ಬರೆಯುವ ಚಟ. ಹಾಲಿನ ಲೆಕ್ಕದ ಪಕ್ಕದಲ್ಲೇ ಮಾವನ ಮುಖದ ಕಾಗದಗಳ ಲೆಕ್ಕವೂ ಇದೆ. ಹಾಲು ಒಮ್ಮೊಮ್ಮೆ ತಪ್ಪಿದ್ದುಂಟು, ಕಾಗದ ತಪ್ಪಿದ್ದಿಲ್ಲ!

ಮನೆಯ ಮುಂದೆ ಹಾದುಹೋಗುವವರು ಬಿಡುತ್ತಾರೆಯೆ? "ಸಾರ್, ಕೆನ್ನೆ ಮೇಲಿನ ಸುದ್ದಿ ಓದಾಯ್ತು. ಮುಂದಿನ ಭಾಗ ಎಲ್ಲೈತೆ, ಕತ್ತಲ್ಲಾ?" ಮಾವ ಬೇಸರ ಪಡುತ್ತಿರಲಿಲ್ಲ. ನಿಂತು ವಿವರಿಸುತ್ತಿದ್ದರು. "ತಪ್ಪು ಬ್ಲೇಡಿಂದಲ್ಲಪ್ಪ, ಕೋನದ್ದು. ಬ್ಲೇಡು ಚರ್ಮಕ್ಕೆ ಮೂವತ್ತು ಡಿಗ್ರಿಲಿ ಮುಟ್ಟಬೇಕು. ಹಿಡಿ ಎತ್ತಿದ್ರೆ ಕೂದ್ಲು ಬಿಟ್ಟು ಜಾರ್ತದೆ, ಇಳಿಸಿದ್ರೆ ಚರ್ಮ ಕೆರೀತದೆ. ಸದ್ದು ಕೇಳ್ಬೇಕು. ಸರ್ ಅಂದ್ರೆ ಸರಿ. ಕರ್ ಅಂದ್ರೆ ಕೋನ ತಪ್ಪು."

"ಸದ್ದೇ ಬರ್ದಿದ್ರೆ?"

"ರಕ್ತ ಬರ್ತದೆ!" ಎಂದು ಒಳಗಿನಿಂದ ಅತ್ತೆ ಕೂಗುತ್ತಿದ್ದರು.

ಕಷ್ಟ ಇರುವುದು ಮುಖದಲ್ಲಿ. ಮುಖವೇನು ಡ್ರಾಯಿಂಗ್ ಬೋರ್ಡೆ, ಚಪ್ಪಟೆಯಾಗಿರಲು? ಕೆನ್ನೆ ಬಯಲು, ದವಡೆ ಘಾಟಿ, ಗದ್ದ ಗುಡ್ಡ. ಹೆಜ್ಜೆಹೆಜ್ಜೆಗೂ ಹಿಡಿಯನ್ನು ತಿರುಗಿಸುತ್ತ ಹೋದರೆ ಮಾತ್ರ ಮೂವತ್ತು ಉಳಿಯುತ್ತದೆ. ಇದನ್ನು ಕಂಡುಕೊಂಡ ಮಾವ ಏನು ಮಾಡಿದರು ಗೊತ್ತೆ? ಕೋನಮಾಪಕ ಹಿಡಿದು ತಮ್ಮ ಮುಖವನ್ನು ಸರ್ವೆ ಮಾಡಿದರು! ತೆಳು ಕಾಗದದ ಮೇಲೆ ಏರು ಇಳಿತಗಳ ಗೆರೆ ಎಳೆದು, ಎಲ್ಲೆಲ್ಲಿ ಹಿಡಿ ಎಷ್ಟೆಷ್ಟು ತಿರುಗಬೇಕು ಎಂದು ಬಾಣದ ಗುರುತು ಹಾಕಿ ಅಚ್ಚುಕಟ್ಟಾದ ನಕ್ಷೆ ತಯಾರಿಸಿದರು. ಆ ನಕ್ಷೆ ಹೇಗೋ ಆಫೀಸಿನ ಕಾಗದಗಳ ನಡುವೆ ಸೇರಿ ದೊಡ್ಡ ಅಧಿಕಾರಿಯ ಮೇಜು ತಲುಪಿತು. ಅಧಿಕಾರಿ ಬಹಳ ಹೊತ್ತು ನೋಡಿ, ಗಣಿಗಿಳಿಯುವ ಬಾವಿಯೆಂದುಕೊಂಡು ಗದ್ದದ ಮೇಲೆ ಬೆರಳಿಟ್ಟು, "ಇದು ಯಾವ ಶಾಫ್ಟು?" ಎಂದು ಕೇಳಿದರಂತೆ.

ಮಾವನಿಗೆ ಸುಳ್ಳು ಬಾರದು. "ನನ್ನದೇ ಸಾರ್" ಎಂದರಂತೆ.

ಅಧಿಕಾರಿಗೆ ಏನು ಅರ್ಥವಾಯಿತೋ! ದವಡೆಯ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, 'ಅಪಾಯ, ಆಧಾರ ಕೊಡಿಸಿ' ಎಂದು ಬರೆದು ವಾಪಸು ಕೊಟ್ಟರು. ಅತ್ತೆಗೆ ಆ ಅಧಿಕಾರಿಯ ಮೇಲೆ ಇವತ್ತಿಗೂ ಗೌರವ.

ಇಷ್ಟರವರೆಗೆ ನಗುವ ಮಾತಾಯಿತು. ನಗು ನಿಂತದ್ದು ನನ್ನ ಮದುವೆಯ ಮಾತು ಎದ್ದಾಗ. ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ತಂದೆ ಇನ್ನೊಂದು ಸಂಸಾರ ಕಟ್ಟಿಕೊಂಡು ದೂರ ಹೋದರು. ನನ್ನನ್ನು ಎತ್ತಿ ತಂದು ಸಾಕಿದವರು ಮಾವ. ಹಾಗಾಗಿ ಗಂಡಿನ ಕಡೆಯವರ ಎದುರು ಹೆಣ್ಣಿನ ತಂದೆಯ ಜಾಗದಲ್ಲಿ ಕೂರಬೇಕಾದ ಮುಖ ಆ ಮುಖವೇ!

ಮೊದಲ ಸಂಬಂಧ ಬಂಗಾರಪೇಟೆಯದು. ದವಸದ ಅಂಗಡಿಯವರು. ಅವರು ಬರುವ ದಿನ ಮಾವ ಹೊಸ ಬ್ಲೇಡು ಹಾಕಿ, ಉಸಿರು ಬಿಗಿಹಿಡಿದು, ನಕ್ಷೆಯ ಪ್ರಕಾರ ದವಡೆಯ ಘಾಟಿ ಇಳಿಯುತ್ತಿದ್ದರು. ಆಗ ಏರ್‌ಬ್ಲಾಸ್ಟ್ ಆಯಿತು. ಗಣಿಯ ಬಹಳ ಆಳದಲ್ಲಿ, ಅಗೆದು ಟೊಳ್ಳಾದ ಕಡೆ, ಭಾರ ತಾಳಲಾರದೆ ಬಂಡೆ ಸಿಡಿಯುತ್ತದೆ. ಅದಕ್ಕೆ ನಮ್ಮೂರಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಾರೆ. ಮೇಲೆ ಮನೆಗಳು ನಡುಗುತ್ತವೆ, ಗೂಡಿನ ಪಾತ್ರೆಗಳು ಉರುಳುತ್ತವೆ, ಎಲ್ಲರೂ ಬಾಗಿಲಿಗೆ ಓಡಿಬಂದು ಕೆಳಗೆ ಇಳಿದಿರುವ ತಮ್ಮವರನ್ನು ನೆನೆದು ಕೈಮುಗಿಯುತ್ತಾರೆ. ಸ್ವಲ್ಪ ಹೊತ್ತಿಗೆ, ಕೆಳಗೆ ಯಾರಿಗೂ ಏನೂ ಆಗಿಲ್ಲ ಎಂದು ಸುದ್ದಿ ಬಂತು.

ಮೇಲೆ ಒಬ್ಬರಿಗೆ ಆಗಿತ್ತು!

ಗೋಡೆಯ ಕನ್ನಡಿ ಕುಣಿದಿತ್ತು, ಮಾವನ ಕೈಯೂ ಕುಣಿದಿತ್ತು. ಬಂದವರೆದುರು ಮಾವ ಕುಳಿತಾಗ ಮುಖದಲ್ಲಿ ಚರ್ಮಕ್ಕಿಂತ ಕಾಗದವೇ ಹೆಚ್ಚು. ಗಂಡಿನ ಅಜ್ಜಿ ಮಾವನನ್ನು ನೋಡಿದರು, ಆಮೇಲೆ ಅತ್ತೆಯ ಕೈಬಳೆ ನೋಡಿದರು, ಆಮೇಲೆ ಅತ್ತೆಯ ಉಗುರು ನೋಡಿದರು. ಹೊರಡುವಾಗ ಗೇಟಿನ ಬಳಿ ಆಕೆ ಸೊಸೆಗೆ ಹೇಳಿದ್ದು ನನಗೆ ಕೇಳಿಸಿತು. "ಒಲ್ಲಕಣಮ್ಮ. ಗಂಡನ್ನೇ ಇಂಗೆ ಪರ್ಚಾಕೋಳು, ಸಾಕಿರೋ ಉಡುಗೀಗೆ ಇನ್ನೇನು ಕಲ್ಸಿರ್ತಾಳೆ?"

ಅಂದು ಅತ್ತೆ ಒಲೆ ಹಚ್ಚಲಿಲ್ಲ. "ಏನೂಂದ್ರೆ, ಕೇಳಿಸ್ಕಳಿ. ಅಂಗಡಿಗೋಗಿ ಚೌರ ಮಾಡಿಸ್ಕಳಿ. ಇಲ್ಲಾ, ಗಂಡಿನವ್ರು ಬಂದಾಗ ಅಟ್ಟದ ಮೇಲೆ ಕೂತಿರಿ. ನಿಮ್ ಮುಖ ಸರಿಯಾಗೋವರ್ಗೂ ಈ ಮನೇಗೆ ಅಳಿಯ ಬರಾಕಿಲ್ಲ!"

ಮಾವ ಎರಡಕ್ಕೂ ಒಪ್ಪಲಿಲ್ಲ. ಆದರೆ ಅವರ ಮುಖ ಸಪ್ಪಗಾಯಿತು. ಮರುದಿನ ವರ್ಕ್‌ಶಾಪಿನಲ್ಲಿ ಗೆಳೆಯ ಫಿಟ್ಟರೊಬ್ಬರ ಬಳಿ ಕಷ್ಟ ಹೇಳಿಕೊಂಡರಂತೆ. "ಏನೂ ಬೇಡ ಕಣಪ್ಪ. ನನ್ನ ಶೇವಿಂಗಿಗೆ ಒಂದು ಸರಿಯಾದ ಆಂಗಲ್ ಸಿಕ್ಕಿದ್ರೆ, ನಮ್ ಪಾಪನ ಮದುವೆ ಆಗೋಗ್ತದೆ."

ಫಿಟ್ಟರು ತಮಿಳರು, ಕರುಳಿದ್ದವರು. ವಾರ ಕಳೆಯುವಷ್ಟರಲ್ಲಿ ಮನೆಗೆ ಬಂದು, ಗೋಣಿಚೀಲದಿಂದ ಏನೋ ತೆಗೆದು, ಧಡಾರೆಂದು ಮೇಜಿನ ಮೇಲಿಟ್ಟರು. "ಸಾರ್, ನೀಂಗ ಕೇಳಿದ ಆಂಗಲ್! ರೆಂಡು ತೂತು ಹಾಕಿದೀನಿ. ಆನೆ ಕೂತರೂ ಬಗ್ಗಲ್ಲ!"

ಕಬ್ಬಿಣದ್ದು. ಮೂಲೆಗೆ ಬೆಸೆಯುತ್ತಾರಲ್ಲ, ಆ ಆಂಗಲ್! ವರ್ಕ್‌ಶಾಪಿನಲ್ಲಿ ಆಂಗಲ್ ಎಂದರೆ ಬೇರೆ ಅರ್ಥವೇ ಇಲ್ಲ. ಮಾವ ಅದನ್ನು ತಿರುಗಿಸಿ ನೋಡಿದರು, ಕೋನಮಾಪಕ ಇಟ್ಟು ನೋಡಿದರು. "ತೊಂಬತ್ತು ಐತೆ" ಎಂದರು ಮೆಲ್ಲಗೆ.

"ಜಾಸ್ತಿನೇ ಇರಲಿ ಸಾರ್, ಪಾಪ ಮದುವೆ ಅಲ್ವಾ!" ಎಂದರು ಫಿಟ್ಟರು. ಅತ್ತೆ ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಮಾವ ಮಾತ್ರ ನಗಲಿಲ್ಲ. ಆ ಆಂಗಲನ್ನು ಹಿತ್ತಲ ಕಂಬಕ್ಕೆ ಬಿಗಿದು, ಕನ್ನಡಿಯನ್ನು ಅದಕ್ಕೆ ಕಟ್ಟಿದರು. ಇನ್ನು ಗಣಿ ಪೂರ್ತಿ ಕುಸಿದರೂ ಕನ್ನಡಿ ಅಲುಗದು!

ಎರಡನೆಯ ಸಂಬಂಧ ಬೂದಿಕೋಟೆಯದು. ಹೊಲ, ಹಸು ಇದ್ದವರು. ಗಂಡು ದಿನಾ ಬೆಳಿಗ್ಗೆ ಬಂಗಾರಪೇಟೆಗೆ ಹಾಲು ತರುವಾತ. ಆ ದಿನ ಭೂಮಿ ಸುಮ್ಮನಿತ್ತು, ಕನ್ನಡಿಯೂ ಸುಮ್ಮನಿತ್ತು. ಮಾವನ ಮುಖದಲ್ಲಿ ಒಂದೇ ಒಂದು ಕಾಗದ, ಅದೂ ಕಿವಿಯ ಕೆಳಗೆ. ಈ ಸಲ ಪರವಾಗಿಲ್ಲ ಎಂದು ಅತ್ತೆ ಉಸಿರುಬಿಟ್ಟರು. ಗಂಡಿನ ತಂದೆ ಒಳಗೆ ಬಂದು ಚಾಪೆಯ ಮೇಲೆ ಕುಳಿತು ತಲೆ ಎತ್ತಿದರು ನೋಡಿ, ಅವರ ಗದ್ದದ ಮೇಲೂ ಒಂದು ಪೇಪರಿನ ಚೂರು!

ಮಾವನಿಗೆ ಹೆಣ್ಣು, ಗಂಡು, ಕಾಫಿ ಎಲ್ಲ ಮರೆತುಹೋಯಿತು. ಮುಂದಕ್ಕೆ ಬಾಗಿ, "ಸೇಫ್ಟಿಯೋ?" ಎಂದರು.

"ಊಂ ಕಣ್ರಿ. ನಮ್ ತಮ್ಮ ಮಿಲ್ಟ್ರಿಯಿಂದ ತಂದುಕೊಟ್ಟ."

"ಎಷ್ಟು ಡಿಗ್ರಿ?"

"ಜ್ವರ ಗಿರ ಏನೂ ಇಲ್ಲ ಕಣ್ರಿ, ಉಸಾರಾಗಿವ್ನಿ."

ಮಾವ ತಡಬಡಿಸಿ ಕೋನದ ಪಾಠ ಶುರುಮಾಡಿದರು. ಬೂದಿಕೋಟೆಯವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕೈಬೀಸಿ, "ಕೋನ ಯಾತರದ್ರಿ? ಸೋಪು ನೆನೀಬೇಕು, ಕೈ ಅಗುರಾಗಿರ್ಬೇಕು, ಎಳ್ಕಂಡು ಓಯ್ತಾ ಇರ್ಬೇಕು. ಅಷ್ಟೇಯ" ಎಂದರು.

"ಅದೆಂಗಾಗ್ತದೆ? ಕೋನ ಇಲ್ದಿದ್ರೆ ಗಾಯ ಆಗಲ್ವೆ?"

"ನಿಮ್ ಮುಖ ನೋಡಿದ್ರೇನೆ ತಿಳೀತದೆ ಬಿಡ್ರಿ, ಕೋನ ಇದ್ರೆ ಏನಾಯ್ತದೆ ಅಂತ!"

ಅತ್ತೆ ಕಾಫಿ ಲೋಟಗಳ ತಟ್ಟೆಯನ್ನು ಸರಕ್ಕನೆ ಇಬ್ಬರ ನಡುವೆ ತಂದಿಟ್ಟರು. ಇನ್ನೊಂದು ಮಾತು ಆಡಿದರೆ ಈ ಸಂಬಂಧವೂ ಬಂದ ದಾರಿ ಹಿಡಿಯುವುದು ಖಂಡಿತ. ಮಾವನ ತುಟಿ ಆಗಲೇ ಬಿಚ್ಚಿತ್ತು. ಆಗ ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಗಂಡು ಬಾಯಿಬಿಟ್ಟ.

"ನಾನು ಬಂಗಾರಪೇಟೆ ಸ್ಟೇಷನ್ ತಾವ ಅಂಗಡೀಗೆ ಓಗ್ತೀನಿ. ಮುಖ ಕೊಟ್ಟು ಕೂತ್ಕಂಡ್ರೆ ಮುಗೀತು."

ಇಬ್ಬರು ಹಿರಿಯರೂ ಒಟ್ಟಿಗೆ ತಿರುಗಿ ಆತನನ್ನು ಎಂಥ ಕನಿಕರದಿಂದ ನೋಡಿದರೆಂದರೆ, ಅಲ್ಲೇ ಅವರ ಜಗಳ ಕರಗಿತು! "ಈಗಿನ ಉಡುಗ್ರು, ಏನೇಳಾದು" ಎಂದು ಒಬ್ಬರು, "ಕಲಿಸೋಣ ಬಿಡಿ ಬೀಗರೆ" ಎಂದು ಇನ್ನೊಬ್ಬರು. 'ಬೀಗರೆ' ಎಂಬ ಮಾತು ಹಾಗೆ ಮಾವನ ಬಾಯಿಂದ ಜಾರಿಬಿತ್ತು, ಬೂದಿಕೋಟೆಯವರು ಅದನ್ನು ವಾಪಸು ಕೊಡಲಿಲ್ಲ. ನನ್ನನ್ನು ಕೇಳಿದರು. ಯಾವ ಪಕ್ಷಕ್ಕೂ ಸೇರದ ಗಂಡು ಈ ಜಗತ್ತಿನಲ್ಲಿ ಎಷ್ಟು ಜನ ಸಿಕ್ಕಾರು? ಒಪ್ಪಿದೆ.

ಮದುವೆ ಬಂಗಾರಪೇಟೆಯ ಛತ್ರದಲ್ಲಿ. ಮದುಮಗಳನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಮುಹೂರ್ತ ಹತ್ತಿರವಾಯಿತು, ಓಲಗದವರು ನುಡಿಸಿ ನುಡಿಸಿ ದಣಿದರು, ಮಾವನ ಸುಳಿವಿಲ್ಲ. ಅತ್ತೆ ಹುಡುಕುತ್ತ ಹಿಂದಿನ ಕೋಣೆಗೆ ಹೋದರು. ಸೀರೆ ಎತ್ತಿ ಹಿಡಿದು ನಾನೂ ಹಿಂದೆಯೇ ಹೋದೆ.

ಮಾವ ನೆಲದ ಮೇಲೆ ಕುಳಿತಿದ್ದರು. ಮುಂದೆ ಕಬ್ಬಿಣದ ಆಂಗಲ್ಲು! ಮನೆಯ ಕಂಬದಿಂದ ಬಿಚ್ಚಿ, ಕನ್ನಡಿ ಸಮೇತ ರೈಲಿನಲ್ಲಿ ಹೊತ್ತು ತಂದಿದ್ದರು. ಮುಖದ ಸೋಪು ಒಣಗಿ ಬಿರುಕುಬಿಟ್ಟಿತ್ತು. ಕೈಯಲ್ಲಿ ರೇಜರು. ಕೈ ಏಳುತ್ತಿರಲಿಲ್ಲ.

"ಆಗ್ಲಿಂದ ಹಿಂಗೇ ಕೂತವ್ರೆ" ಎಂದರು ಅತ್ತೆ. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. "ನಿಂಗೆ ನೆಪ್ಪಿಲ್ಲ ಪಾಪ. ನಿಮ್ಮಮ್ಮ ತೀರೋದ್ಮೇಲೆ ನಿನ್ನ ತಂದ್ರಲ್ಲ, ನೀನು ಬರೀ ಅಳಾದು. ಇವ್ರು ಎತ್ಕಂಡು ಕೆನ್ನೆಗೆ ಕೆನ್ನೆ ಇಟ್ರೆ, 'ಮುಳ್ಳು ಮಾವ ಬೇಡ, ಚುಚ್ತದೆ' ಅಂತ ತಳ್ಬಿಡ್ತಿದ್ದೆ. ಆಗೆಲ್ಲ ಇವ್ರಿಗೆ ವಾರಕ್ಕೊಂದು ಚೌರ. ಆ ಹರಾಜಲ್ಲಿ ಮೊದಲು ಓಗಿ ತಂದದ್ದು ಇದನ್ನ. ಮೊದಲ್ನೇ ದಿನ ಮುಖ ತುಂಬ ರಕ್ತ. ನೀನು ಕೈಲಿ ಸವರಿ ನೋಡಿ, ಅಲ್ಲೇ ಕೆನ್ನೆ ಇಟ್ಟು ಮಲಗ್ಬಿಟ್ಟೆ."

ಮಾವ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಹೋಗ್ಲಿ ಬಿಡೆ, ಹೊತ್ತಾಯ್ತು" ಎಂದರು.

ನಾನು ಮಂಡಿಯೂರಿ ಕುಳಿತು, ಗೋರಂಟಿ ಹಚ್ಚಿದ ಕೈಯಲ್ಲಿ ಆಂಗಲ್ಲು ಎತ್ತಿ ಕನ್ನಡಿಯನ್ನು ಅವರ ಮುಖಕ್ಕೆ ಹಿಡಿದೆ. "ಎಷ್ಟು ಡಿಗ್ರಿ ಹಿಡೀಲಿ ಮಾವ?" ಎಂದು ಕೇಳಿದೆ. ಮಾವ ಮುಖವನ್ನು ಮುಂದಕ್ಕೆ ಒಡ್ಡಿದರು. ಅತ್ತೆ ಸೋಪು ನೆನೆಸಿ ಮತ್ತೆ ಹಚ್ಚಿದರು. ಮಾವ ನಕ್ಷೆ ನೋಡಲಿಲ್ಲ, ಸದ್ದಿಗೆ ಕಿವಿಗೊಡಲಿಲ್ಲ. ಎಳೆದುಕೊಂಡು ಹೋದರು, ಅಷ್ಟೆ. ಒಂದು ಗಾಯವೂ ಆಗಲಿಲ್ಲ! ಮುಖ ಒರೆಸಿಕೊಂಡು, ಬಾಗಿ, ಕೆನ್ನೆಯನ್ನು ನನ್ನ ಕೆನ್ನೆಗೆ ಒತ್ತಿ, "ಚುಚ್ತದೇನೆ ಪಾಪ?" ಎಂದರು.

ದವಡೆಯ ಘಾಟಿಯಲ್ಲಿ ಒಂದು ಪಟ್ಟಿ ಗಡ್ಡ ಹಾಗೆಯೇ ಉಳಿದಿತ್ತು. ಚೆನ್ನಾಗಿಯೇ ಚುಚ್ಚಿತು.

"ಇಲ್ಲ ಮಾವ. ಬೆಣ್ಣೆ ಇದ್ದಂಗೈತೆ."

ಹಸೆಮಣೆಯ ಮೇಲೆ, ಪುರೋಹಿತರ ಮಂತ್ರದ ನಡುವೆ, ಪಕ್ಕದಲ್ಲಿ ಕುಳಿತ ನಮ್ಮವರು ತಲೆ ಬಗ್ಗಿಸಿ ಪಿಸುಗುಟ್ಟಿದರು. "ಕೆನ್ನೆ ಯಾಕೆ ಕೆಂಪಾಗೈತೆ?"

"ಮೂವತ್ತು ಡಿಗ್ರಿ" ಎಂದೆ.

ಅಂಗಡಿಯಲ್ಲಿ ಮುಖ ಕೊಟ್ಟು ಕೂರುವವರಿಗೆ ಅದೆಲ್ಲಿ ಅರ್ಥವಾಗಬೇಕು!